ಬಿದ್ದ ಸ್ಕೇಲಿಗೆ ರೀಡಿಂಗ್ ಇಲ್ಲ

ಹೋದ ವಾರ ಅವ್ವ ಅಕ್ಕಿ ಅಳೆಯುತ್ತಿದ್ದಳು. ಸಿರುಗುಪ್ಪದ ಮನೆಯಲ್ಲಿ ಅಕ್ಕಿ ಅಳೆಯುವುದೇನು ಸುದ್ದಿಯಲ್ಲ. ನಮ್ಮೂರಲ್ಲಿ ಮನುಷ್ಯರಿಗಿಂತ ಭತ್ತದ ಚೀಲಗಳೇ ಹೆಚ್ಚು, ಆಟೋದಲ್ಲಿ ಮೊದಲು ಜಾಗ ಸಿಗುವುದೂ ಅವಕ್ಕೇ. ಸುದ್ದಿ ಏನೆಂದರೆ, ಸೇರಿನ ಬಾಯಿಯ ಮೇಲೆ ಗುಡ್ಡೆಯಾಗಿ ನಿಂತ ಅಕ್ಕಿಯನ್ನು ಅವಳು ಎಳೆದು ಸಮ ಮಾಡುತ್ತಿದ್ದುದು ಒಂದು ಮರದ ಸ್ಕೇಲಿನಿಂದ. ಒಂದಡಿ ಉದ್ದದ್ದು, ಅಂಚು ಸವೆದದ್ದು, ಹಿಂಬದಿಯಲ್ಲಿ ಕೆಂಪು ಬಣ್ಣದಿಂದ ‘ಮ.ಶಾ.ವಿ.’ ಎಂದು ಬರೆದದ್ದು. ಮನಶ್ಶಾಸ್ತ್ರ ವಿಭಾಗ.

“ಯವ್ವಾ, ಅದು ಕಾಲೇಜಿನ ಪ್ರಯೋಗಶಾಲಿ ಸಾಮಾನು,” ಎಂದೆ.

“ಹೌದೇನು? ಅಲ್ಲಿ ಏನ್ ಅಳಿತಿತ್ತು?”

“ಮನಸ್ಸು.”

ಅವ್ವ ಸ್ಕೇಲನ್ನು ಒಮ್ಮೆ ನೋಡಿದಳು, ನನ್ನನ್ನು ಒಮ್ಮೆ ನೋಡಿದಳು. “ಅಲ್ಲಿ ಏನೂ ಸಿಕ್ಕಿರಂಗಿಲ್ಲ ಬಿಡು. ಅದಕ್ಕ ಇಲ್ಲಿ ಅಕ್ಕಿ ಅಳಿಯಾಕ ಬಂದೈತಿ,” ಎಂದು ಇನ್ನೊಂದು ಸೇರು ತುಂಬಿದಳು.

ಆ ಸ್ಕೇಲನ್ನು ನಾನು ಕದ್ದದ್ದಲ್ಲ. ಪದವಿ ಮುಗಿಸಿ ಬಳ್ಳಾರಿಯ ರೂಮು ಖಾಲಿ ಮಾಡಿದಾಗ ಚೀಲದೊಳಗೆ ತಾನಾಗಿ ಬಂದಿತ್ತು. ಮೂರು ವರ್ಷದ ಓದಿನಿಂದ ನಾನು ಮನೆಗೆ ತಂದದ್ದು ಎರಡೇ, ಒಂದು ಸೆಕೆಂಡ್ ಕ್ಲಾಸು, ಇನ್ನೊಂದು ಈ ಸ್ಕೇಲು. ಮನೆಯ ಉಪಯೋಗಕ್ಕೆ ಬಂದದ್ದು ಸ್ಕೇಲು ಮಾತ್ರ.

ಅವ್ವನ ಕೈಯಿಂದ ಅದನ್ನು ಇಸಿದುಕೊಂಡು ಒರೆಸಿದೆ. ಹದಿನೈದರ ಅಂಕಿಯ ಹತ್ತಿರ ಮರ ಕಪ್ಪಾಗಿ, ನುಣುಪಾಗಿ ಹೊಳೆಯುತ್ತಿತ್ತು. ಹಳೆಯ ಬಾಗಿಲ ಚಿಲಕ ಕೈಬೆವರಿಗೆ ಹೊಳೆಯುತ್ತದಲ್ಲ, ಹಾಗೆ. ಅಲ್ಲಿ ಒಬ್ಬರೇ ಒಬ್ಬರ ಹೆಬ್ಬೆರಳು ವರ್ಷಗಟ್ಟಲೆ ಕೂತು ಎದ್ದಿದೆ. ಆ ಹೆಬ್ಬೆರಳಿನ ವಿಷಯ ಹೇಳಬೇಕೆಂದೇ ಇಷ್ಟು ಪೀಠಿಕೆ. ಹೇಳದೆ ಇದ್ದುಬಿಡೋಣವೆಂದು ಮೂರು ವರ್ಷ ಪ್ರಯತ್ನಪಟ್ಟದ್ದೂ ಆಯಿತು.

ನನ್ನ ಹೆಸರು ಎರ್ರಿಸ್ವಾಮಿ. ಮನೆಯಲ್ಲಿ, ಓಣಿಯಲ್ಲಿ, ಕಾಲೇಜಿನಲ್ಲಿ ಎಲ್ಲ ಕಡೆ ಎರ್ರಿ. ನಮ್ಮ ಕಡೆ ಅರ್ಧ ಜನ ತೆಲುಗು ಮಾತಾಡುತ್ತಾರೆ, ತೆಲುಗಿನಲ್ಲಿ ಎರ್ರಿ ಎಂದರೆ ಹುಚ್ಚ. ಮನಶ್ಶಾಸ್ತ್ರ ಓದುವುದಕ್ಕೆ ಇದಕ್ಕಿಂತ ದೊಡ್ಡ ಅರ್ಹತೆ ಬೇಕೇ? ಈಗ ಮದುವೆ, ನಾಮಕರಣ, ಬಟ್ಟೆ ಅಂಗಡಿಯ ಉದ್ಘಾಟನೆ ಅಂತ ಮೈಕು ಹಿಡಿದು ಊರವರ ದನಿ ತೆಗೆದು ಜನರನ್ನು ನಗಿಸುತ್ತೇನೆ. ನಿಮ್ಮ ಮಾವನವರು ಕೆಮ್ಮುವುದನ್ನು ಒಮ್ಮೆ ಕೇಳಿಸಿದರೆ ಸಾಕು, ಊಟದ ಪಂಕ್ತಿಯ ಆ ತುದಿಯಿಂದ ನಾನು ಕೆಮ್ಮುತ್ತೇನೆ, ಈ ತುದಿಯಲ್ಲಿ ನಿಮ್ಮ ಅತ್ತೆ ನೀರು ತರಲು ಏಳುತ್ತಾರೆ.

ಈ ವಿದ್ಯೆಯ ಗುಟ್ಟು ಹೇಳುತ್ತೇನೆ, ಯಾರಿಗೂ ಹೇಳಬೇಡಿ. ದನಿ ತೆಗೆಯುವುದು ಸುಲಭ, ಗಿಳಿಯೂ ತೆಗೆಯುತ್ತದೆ. ಕಷ್ಟವಿರುವುದು ಖಾಲಿ ಜಾಗದಲ್ಲಿ. ಕೇಳಿದ ಮಾತಿಗೂ ಕೊಡುವ ಉತ್ತರಕ್ಕೂ ನಡುವೆ ಪ್ರತಿಯೊಬ್ಬ ಮನುಷ್ಯನೂ ತನ್ನದೇ ಆದ ಒಂದಿಷ್ಟು ಜಾಗ ಬಿಟ್ಟಿರುತ್ತಾನೆ. ಕೆಲವರದು ಬೆರಳಗಲ, ಕೆಲವರದು ಗೇಣಗಲ. ಅದು ಹಿಡಿತಕ್ಕೆ ಬಂತೋ, ಮನುಷ್ಯ ಬಂದ.

ಇದು ನನಗೆ ಗೊತ್ತಾದದ್ದು ಆರನೆಯ ಇಯತ್ತೆಯಲ್ಲಿ. ಬಾರದ ಹುಡುಗರ ಹಾಜರಿ ನಾನೇ ಕೂಗುತ್ತಿದ್ದೆ, ಒಬ್ಬೊಬ್ಬರದು ಒಂದೊಂದು ದನಿಯಲ್ಲಿ. ಮಾರೆಪ್ಪ ಎಂಬುವನ ದನಿ ಅಚ್ಚುಕಟ್ಟಾಗಿ ತೆಗೆದರೂ ಮೇಷ್ಟ್ರು ತಲೆಯೆತ್ತಿ ನೋಡುತ್ತಿದ್ದರು. ಎಲ್ಲಿ ಎಡವುತ್ತಿದ್ದೇನೆ ಎಂದು ತಿಳಿಯದೆ ಒಂದು ವಾರ ಅವನ ಹಿಂದೆಯೇ ತಿರುಗಿದೆ. ಆಮೇಲೆ ಹೊಳೆಯಿತು. ಮಾರೆಪ್ಪ ಹೆಸರು ಕರೆದಾಗ ಓಗೊಡುವವನೇ ಅಲ್ಲ. ಮುಂದಿನವನ ಹೆಸರು ಅರ್ಧ ಆದಾಗ ಬೆಚ್ಚಿಬಿದ್ದು ‘ಬಂದೀನ್ರೀ’ ಎನ್ನುತ್ತಿದ್ದ. ಮರುದಿನ ಆ ಖಾಲಿಯನ್ನು ಸೇರಿಸಿದೆ. ಮೇಷ್ಟ್ರು ತಲೆಯೆತ್ತಲಿಲ್ಲ. ಮಾರೆಪ್ಪ ಆ ಹೊತ್ತಿಗೆ ಕಾಲುವೆಯಲ್ಲಿ ಈಜುತ್ತಿದ್ದ. ತಮಾಷೆಯೆಂದರೆ ನಾನು ಶಾಲೆ ತಪ್ಪಿಸಿದ ದಿನ ನನ್ನ ಹಾಜರಿ ಕೂಗಲು ಯಾರಿಂದಲೂ ಆಗುತ್ತಿರಲಿಲ್ಲ. “ನಿನ್ನ ದನಿ ಯಾವುದು ಅಂತಾನ ಗೊತ್ತಿಲ್ಲಲೇ,” ಎಂದು ಅದೇ ಮಾರೆಪ್ಪ ಕೈ ಚೆಲ್ಲಿದ್ದ.

ಮನಶ್ಶಾಸ್ತ್ರವೆಂದರೆ ಎದುರಿನವರ ಮನಸ್ಸಿನೊಳಗಿನದನ್ನು ಓದುವುದೆಂದು ತಿಳಿದು ಬಳ್ಳಾರಿಯ ಕಾಲೇಜು ಸೇರಿದೆ. ಅವ್ವನೂ ಹಾಗೇ ತಿಳಿದಿದ್ದಳು. ಹಬ್ಬಕ್ಕೆ ಊರಿಗೆ ಬಂದಾಗ ನನ್ನ ಕಣ್ಣಿಗೆ ಕಣ್ಣು ಕೊಡದೆ ಬಡಿಸುತ್ತಿದ್ದಳು. ನಮ್ಮ ಸರ್ ಮೊದಲ ದಿನವೇ ಆ ಆಸೆಗೆ ಎಳ್ಳುನೀರು ಬಿಟ್ಟರು. ಅವರು ಮೈಸೂರು ಕಡೆಯವರು. ಪ್ರತಿ ವಾಕ್ಯದ ಕೊನೆಗೂ ‘ಅಲ್ವಾ ಮತ್ತೆ’ ಎಂದು ಒಂದು ಬೀಗ ಹಾಕುತ್ತಿದ್ದರು. ಎರಡನೆಯ ವಾರಕ್ಕೆ ಅವರ ದನಿ ನನ್ನ ಜೇಬಿನಲ್ಲಿತ್ತು.

ಆ ಮೊದಲ ದಿನ ಅವರು ಹೇಳಿದ್ದು ಈ ಶಾಸ್ತ್ರ ಹುಟ್ಟಿದ ಕಥೆ. ಮನಸ್ಸು ಬಹಳ ಕಾಲ ತತ್ವಜ್ಞಾನಿಗಳ ಆಸ್ತಿಯಾಗಿತ್ತಂತೆ. ಅವರು ಕಣ್ಣು ಮುಚ್ಚಿ ಕೂತು ಮನಸ್ಸು ಹೀಗಿದೆ ಎನ್ನುತ್ತಿದ್ದರು. ಇನ್ನೊಬ್ಬರು ಕಣ್ಣು ಮುಚ್ಚಿ ಕೂತು ಹಾಗಿಲ್ಲ ಎನ್ನುತ್ತಿದ್ದರು. ಅಳೆಯುವ ಮಾತೇ ಇರಲಿಲ್ಲ. ಅಳತೆ ಶುರುವಾದದ್ದು ಎಲ್ಲೋ ಸಂಬಂಧವೇ ಇಲ್ಲದ ಕಡೆ, ನಕ್ಷತ್ರ ನೋಡುವವರ ಮನೆಯಲ್ಲಿ. ಇಂಗ್ಲೆಂಡಿನ ಒಂದು ವೀಕ್ಷಣಾಲಯದಲ್ಲಿ ಒಬ್ಬ ದೊಡ್ಡ ಅಧಿಕಾರಿ, ಒಬ್ಬ ಸಹಾಯಕ. ದೂರದರ್ಶಕದ ಒಳಗಿನ ಸಣ್ಣ ತಂತಿಯನ್ನು ನಕ್ಷತ್ರ ದಾಟುವ ಕ್ಷಣವನ್ನು ಗಡಿಯಾರದ ಟಿಕ್ ಟಿಕ್ ಕೇಳುತ್ತ ಬರೆಯುವುದು ಕೆಲಸ. ಸಹಾಯಕ ಬರೆದದ್ದು ಯಾವಾಗಲೂ ಅಧಿಕಾರಿ ಬರೆದದ್ದಕ್ಕಿಂತ ತಡ. ಎಷ್ಟು ತಡ? ಒಂದು ಸೆಕೆಂಡೂ ಪೂರ್ತಿ ಇಲ್ಲ. ಬೈದರು, ತಿದ್ದಿಕೋ ಎಂದರು, ಕೊನೆಗೆ ಕೆಲಸದಿಂದ ತೆಗೆದರು. ಎಷ್ಟೋ ವರ್ಷದ ಮೇಲೆ ಜರ್ಮನಿಯ ಇನ್ನೊಬ್ಬ ನಕ್ಷತ್ರ ನೋಡುವವನು ಈ ಹಳೆಯ ಸುದ್ದಿಯನ್ನು ಓದಿ, ಅರೆ, ಇದು ತಪ್ಪಲ್ಲವೇನೋ, ಕಣ್ಣು ಕಂಡದ್ದು ಕೈಗೆ ಬರುವುದಕ್ಕೆ ಒಬ್ಬೊಬ್ಬರಿಗೆ ಒಂದೊಂದು ಹೊತ್ತು ಹಿಡಿಯುತ್ತದೇನೋ ಎಂದು ಯೋಚಿಸಿದ. ತನ್ನನ್ನೂ ತನ್ನ ಗೆಳೆಯರನ್ನೂ ಹೋಲಿಸಿ ನೋಡಿದ. ಹೌದು, ಎಲ್ಲರದೂ ಬೇರೆ ಬೇರೆ. ಆ ತಡವನ್ನೇ ಹಿಡಿದು ಮುಂದೆ ಅದೇ ದೇಶದ ಒಬ್ಬ ಪ್ರೊಫೆಸರು ವಿಶ್ವವಿದ್ಯಾಲಯದಲ್ಲಿ ಒಂದು ಕೋಣೆ ತೆಗೆದು, ಗಡಿಯಾರ, ಗಂಟೆ, ತಂತಿ ಜೋಡಿಸಿ, ವಿದ್ಯಾರ್ಥಿಗಳನ್ನು ಕೂರಿಸಿ, ‘ಶಬ್ದ ಕೇಳಿದ ಕೂಡಲೇ ಬೆರಳೆತ್ತಿ’ ಎಂದ. ಆತ್ಮ, ಪರಮಾತ್ಮ ಎಲ್ಲ ಬಿಟ್ಟು ನಮ್ಮ ಶಾಸ್ತ್ರ ಒಂದು ಬೆರಳಿನಿಂದ ಶುರುವಾಯಿತು, ಅಲ್ವಾ ಮತ್ತೆ.

ನಾನು ಬೆಂಚಿನಲ್ಲಿ ಮುಂದಕ್ಕೆ ಸರಿದು ಕೂತೆ. ಇದು ನನ್ನ ಖಾಲಿ ಜಾಗ! ಮಾರೆಪ್ಪನ ತಡವನ್ನು ನಾನು ಹಿಡಿದಂತೆಯೇ ಯಾರೋ ಮೀಸೆಯ ದೊರೆಗಳು ಹಿಡಿದಿದ್ದಾರೆ. ಅವರಿಗೆ ಶಾಸ್ತ್ರ ಸಿಕ್ಕಿತು, ನನಗೆ ಹಾಜರಿ.

ಆಗ ಬಾಗಿಲ ಹತ್ತಿರದಿಂದ ಒಂದು ಪ್ರಶ್ನೆ ಬಂತು. ಡಸ್ಟರು ತಂದವರು ಅಲ್ಲೇ ನಿಂತು ಕೇಳಿಸಿಕೊಂಡಿದ್ದರು.

“ಸರ್ರಾ, ಆ ಸಹಾಯಕಗ ಕೆಲಸ ತಿರುಗಿ ಕೊಟ್ರೇನ್ರೀ?”

“ಇಲ್ಲ ಬಸಪ್ಪ. ಇದೆಲ್ಲ ತಿಳಿಯುವಷ್ಟರಲ್ಲಿ ಅವನು ತೀರಿಹೋಗಿದ್ದ.”

“ಹಂಗಾರ ಶಾಸ್ತ್ರ ಹುಟ್ಟಿ ಅವಗೇನ್ ಬಂತ್ರೀ?”

ತರಗತಿ ಹೋ ಎಂದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಯಾರೆಂದು ನೀವು ಊಹಿಸಬಲ್ಲಿರಿ.

ಅವರೇ ಬಸಣ್ಣ. ಪೂರ್ತಿ ಹೆಸರು ದೊಡ್ಡಬಸಪ್ಪ, ನಮ್ಮ ಪ್ರಯೋಗಶಾಲೆಯ ಅಟೆಂಡರ್. ಕುರುಗೋಡಿನವರು. ಆ ಊರ ಗುಡಿಯ ಬಸವಣ್ಣ ಕಲ್ಲಿನಲ್ಲಿ ಎಷ್ಟು ದೊಡ್ಡದಾಗಿ ಕೂತಿದ್ದಾನೆಂದರೆ ಓಣಿಗೆ ನಾಲ್ಕು ಜನಕ್ಕಾದರೂ ಅವನ ಹೆಸರು ಹಂಚಿ ಉಳಿದಿದೆ. ದಿನಾ ಬೆಳಿಗ್ಗೆ ಕುರುಗೋಡಿನ ಬಸ್ಸಿನಲ್ಲಿ ಬಂದು ಪ್ರಯೋಗಶಾಲೆಯ ಬೀಗ ತೆಗೆಯುತ್ತಿದ್ದರು. ಪ್ರಯೋಗಶಾಲೆ ಎಂದರೆ ಏನೇನೋ ಊಹಿಸಿಕೊಳ್ಳಬೇಡಿ. ಸೈಕಲ್ ಸ್ಟ್ಯಾಂಡಿನ ಪಕ್ಕದ ಒಂದು ಕೋಣೆ, ತಗಡಿನ ಎರಡು ಬೀರು, ಬೇಸಿಗೆಯಲ್ಲಿ ರೊಟ್ಟಿ ಬೇಯಿಸಬಹುದಾದ ಛಾವಣಿ. ಬೆರಳಿನ ವೇಗ ಅಳೆಯುವ ಹಿತ್ತಾಳೆಯ ಒಂದು ಯಂತ್ರವಿತ್ತು. ನಾನು ಹುಟ್ಟುವ ಮೊದಲೇ ಕೆಟ್ಟಿತ್ತಂತೆ. ಆಯುಧ ಪೂಜೆಯ ದಿನ ಬಸಣ್ಣ ಅದಕ್ಕೆ ವಿಭೂತಿ ಹಚ್ಚಿ, ಕಾಯಿ ಒಡೆದು, ಮತ್ತೆ ಬಟ್ಟೆ ಮುಚ್ಚುತ್ತಿದ್ದರು.

ಯಂತ್ರದ ಬದಲಿಗೆ ಇದ್ದದ್ದು ಈ ಸ್ಕೇಲು. ಪ್ರಯೋಗ ಬಹಳ ಸರಳ. ಎದುರಿಗೆ ಕೂತವರು ಹೆಬ್ಬೆರಳು ತೋರುಬೆರಳು ಚಿಮಟದ ಹಾಗೆ ತೆರೆದು ಹಿಡಿಯಬೇಕು. ನಾವು ನಡುವೆ ಸ್ಕೇಲು ತೂಗಿಸಿ, ಹೇಳದೆ ಕೇಳದೆ ಬಿಟ್ಟುಬಿಡಬೇಕು. ಅದು ಜಾರುವಾಗ ಅವರು ಗಪ್ಪನೆ ಹಿಡಿಯಬೇಕು. ಎಷ್ಟನೆಯ ಸೆಂಟಿಮೀಟರಿನಲ್ಲಿ ಹಿಡಿದರೋ ಅದು ಅವರ ತಡ. ಇಂಥವು ಮೂವತ್ತು ಸಲ. ಹಿಡಿಯದೆ ನೆಲಕ್ಕೆ ಬಿದ್ದರೆ ಲೆಕ್ಕಕ್ಕಿಲ್ಲ. “ಬಿದ್ದ ಸ್ಕೇಲಿಗೆ ರೀಡಿಂಗ್ ಇಲ್ಲ, ಮತ್ತೆ ಮಾಡಿ, ಅಲ್ವಾ ಮತ್ತೆ,” ಎನ್ನುತ್ತಿದ್ದರು ಸರ್.

ಪ್ರಯೋಗಕ್ಕೆ ಕೂರಲು ಒಬ್ಬ ಮನುಷ್ಯ ಬೇಕಲ್ಲ? ಪುಸ್ತಕದ ಪ್ರಕಾರ ಹೊರಗಿನ ಯಾರನ್ನಾದರೂ ಕರೆತರಬೇಕು. ಬಳ್ಳಾರಿಯ ಆ ಬಿಸಿಲಿನಲ್ಲಿ ಹೊರಗೆ ಹೋಗಿ, ‘ಸ್ವಾಮಿ, ನಿಮ್ಮ ಮನಸ್ಸು ಸ್ವಲ್ಪ ಕೊಡ್ತೀರಾ’ ಎಂದು ಕೇಳುವವರು ಯಾರು? ಹೀಗಾಗಿ ನಮ್ಮ ಕಾಲೇಜಿನಲ್ಲಿ ಒಂದು ಪದ್ಧತಿ ಬೆಳೆದುಬಿಟ್ಟಿತ್ತು. ಎಲ್ಲ ಪ್ರಯೋಗಕ್ಕೂ ಬಸಣ್ಣನೇ. ಒಂದು ಮಿರ್ಚಿ ಬಜ್ಜಿ, ಅರ್ಧ ಚಾ ಕೊಡಿಸಿದರೆ ಅವರು ಸ್ಕೇಲು ಹಿಡಿಯುತ್ತಿದ್ದರು, ಅರ್ಥವಿಲ್ಲದ ಅಕ್ಷರಗಳನ್ನು ಬಾಯಿಪಾಠ ಮಾಡುತ್ತಿದ್ದರು, ಕನ್ನಡಿಯಲ್ಲಿ ನೋಡುತ್ತ ಕಾಗದದ ಮೇಲಿನ ನಕ್ಷತ್ರದ ಚಿತ್ರದ ಗೆರೆ ತಿದ್ದುತ್ತಿದ್ದರು. ವರ್ಷಗಟ್ಟಲೆ ತಿದ್ದಿ ತಿದ್ದಿ ಆ ನಕ್ಷತ್ರವನ್ನು ಕಣ್ಣು ಮುಚ್ಚಿಯೂ ಬರೆಯುತ್ತಿದ್ದರು. ಪ್ರತಿ ರೆಕಾರ್ಡ್ ಪುಸ್ತಕದಲ್ಲೂ ಒಂದೇ ಸಾಲು: ‘ಪ್ರಯೋಗಕ್ಕೆ ಒಳಗಾದವರು: ದೊ.ಬ. ವಯಸ್ಸು: 35. ಸ್ಥಿತಿ: ಸಾಮಾನ್ಯ.’ ಬರಬರುತ್ತ ಪ್ರಯೋಗ ಮಾಡುವುದೂ ನಿಂತು, ಹಿಂದಿನ ವರ್ಷದವರ ರೆಕಾರ್ಡಿನಿಂದ ಅಂಕಿಗಳನ್ನು ನಕಲು ಮಾಡುವುದು ಶುರುವಾಯಿತು. ಅಂಕಿಯ ಜೊತೆ ವಯಸ್ಸೂ ನಕಲಾಗುತ್ತ ಬಂತು.

“ನಿಮ್ಮ ಪುಸ್ತಕದಾಗ ನನಗ ಇನ್ನೂ ಮೂವತ್ತೈದ ನೋಡ್ರಿ,” ಎಂದು ಬಸಣ್ಣ ತಲೆಯ ಬಿಳಿಕೂದಲು ಸವರುತ್ತಿದ್ದರು. “ಮನ್ಯಾಗ ನಮ್ಮಾಕಿನ್ನ ಕೇಳಿದ್ರ ಬ್ಯಾರೆ ಹೇಳ್ತಾಳ. ನಾ ನಿಮ್ಮ ಶಾಸ್ತ್ರಾನ ನಂಬ್ತೀನಪ್ಪ.”

ಈ ಮಾತು ನೆನಪಿರಲಿ. ನಾವು ತಮಾಷೆ ಎಂದುಕೊಂಡೆವು. ಅವರು ನಿಜವಾಗಿ ನಂಬಿದ್ದರು.

ಕೊನೆಯ ವರ್ಷದ ಒಂದು ಮಧ್ಯಾಹ್ನ. ಎಲ್ಲರೂ ಊಟಕ್ಕೆ ಹೋಗಿದ್ದರು. ನಾನು ಕೋಣೆಯಲ್ಲಿ ಕೂತು ನಕಲು ಮುಗಿಸುತ್ತಿದ್ದೆ. ಬಸಣ್ಣ ಒಳಗೆ ಬಂದು ಬಾಗಿಲು ಮುಂದೆ ಮಾಡಿ ನನ್ನೆದುರು ಕೂತರು.

“ಲೇ ಎರ್ರಿ, ಸ್ಕೇಲಿಂದು ಬರದೇನು?”

“ಬರದೆ ಬಸಣ್ಣ. ಹೋದ ವರ್ಷದವ್ರದು ಕಾಪಿ ಹೊಡದೆ. ಅವ್ರು ಅದರ ಹಿಂದಿನವ್ರದು ಹೊಡದಿದ್ರು.”

“ಅದು ಬ್ಯಾಡ. ಇವತ್ತು ಖರೇ ಖರೇ ಬಿಡು.”

“ಯಾಕ? ಮಿರ್ಚಿ ತಿನ್ನೂ ಆಸಿ ಆಗೈತೇನು?”

ಬಸಣ್ಣ ಬಲಗೈಯನ್ನು ಎಡಗೈಯಲ್ಲಿ ಹಿಡಿದು ಮೇಜಿನ ಮೇಲಿಟ್ಟರು, ಯಾರದೋ ಕೈಯನ್ನು ತಂದಿಟ್ಟ ಹಾಗೆ. “ಸುಮ್ನ. ಚಾ ತುಳುಕಾಕತ್ತೈತಿ. ಅಂಗಿ ಗುಂಡಿ ಹಾಕ್ಕೊಳ್ಳಾಕ ಹೊತ್ತು ಹಿಡೀತೈತಿ. ನಮ್ಮಾಕಿ ದವಾಖಾನಿ, ದವಾಖಾನಿ ಅಂತ ಜೀವ ತಿಂತಾಳ. ನೀ ಒಮ್ಮಿ ಅಳದು ಹೇಳಿಬಿಡು. ಅಂದ್ರ ಆಕಿ ಬಾಯಿ ಮುಚ್ಚಸ್ತೀನಿ.”

ಸ್ಕೇಲು ಹಿಡಿದೆ. ಬಿಟ್ಟೆ. ಟಕ್ ಎಂದು ನೆಲಕ್ಕೆ ಬಿತ್ತು. ಬೆರಳುಗಳು ಅದು ಬಿದ್ದ ಮೇಲೆ ಕೂಡಿಕೊಂಡವು.

“ತಯಾರಿರಲಿಲ್ಲ ನಾನು,” ಎಂದರು. ಮತ್ತೆ ಬಿಟ್ಟೆ. ಟಕ್. ಮೂರನೆಯದು ಸ್ಕೇಲಿನ ತುದಿಯಲ್ಲಿ, ಇಪ್ಪತ್ತೇಳರ ಹತ್ತಿರ ಸಿಕ್ಕಿತು. ನಾಲ್ಕನೆಯದು ಟಕ್. ಪ್ರತಿಸಲವೂ ಅವರೇ ಬಗ್ಗಿ ಎತ್ತಿಕೊಟ್ಟರು. ಹತ್ತು ಸಲದಲ್ಲಿ ಆರು ಸಲ ಬಿತ್ತು. ನಕಲು ಮಾಡಿದ ನನ್ನ ಪುಟದಲ್ಲಿ ಅದೇ ಬೆರಳುಗಳು ಹದಿನಾಲ್ಕು, ಹದಿನೈದು, ಹದಿನಾರು ಎಂದು ಹಿಡಿಯುತ್ತಲೇ ಇದ್ದವು.

ನನಗೆ ಗೊತ್ತಾಗಲಿಲ್ಲವೇ? ಖಾಲಿ ಜಾಗ ಹಿಡಿಯುವುದರಲ್ಲಿ ಪಂಡಿತ ನಾನು. ಗೊತ್ತಾಯಿತು. ಅವರು ಮಾತಿಗೆ ಓಗೊಡುವುದೂ ತಡವಾಗಿದೆ, ಕಣ್ಣು ಮಿಟುಕಿಸುವುದು ಕಡಿಮೆಯಾಗಿದೆ, ನಡೆದರೆ ಬಲಗೈ ಬೀಸುತ್ತಿಲ್ಲ ಎಂಬುದನ್ನೆಲ್ಲ ಡಾಕ್ಟರುಗಳಿಗಿಂತ ಮೊದಲೇ ಕಂಡವನು ನಾನು. ಆದರೆ ಕಂಡದ್ದನ್ನು ಯಾವ ಚೀಲಕ್ಕೆ ಹಾಕಬೇಕೆಂದು ತಿಳಿಯದ ವಯಸ್ಸು. ಇದ್ದದ್ದು ಒಂದೇ ಚೀಲ, ತಮಾಷೆಯದು.

“ಎಷ್ಟು ಬಂತು?” ಎಂದರು ಬಸಣ್ಣ.

ನಾನು ಎದೆ ಸೆಟೆಸಿ, ಕನ್ನಡಕ ಸರಿಪಡಿಸಿಕೊಳ್ಳುವವನಂತೆ ಮೂಗು ಮುಟ್ಟಿ, ಸರ್ ಅವರ ದನಿಯಲ್ಲಿ ಹೇಳಿದೆ: “ಬಿದ್ದ ಸ್ಕೇಲಿಗೆ ರೀಡಿಂಗ್ ಇಲ್ಲ. ಸಬ್ಜೆಕ್ಟು ಪೂರ್ತಿ ನಾರ್ಮಲ್, ಅಲ್ವಾ ಮತ್ತೆ.”

ಬಸಣ್ಣ ನನ್ನ ಮುಖ ನೋಡಿದರು. ಒಂದಿಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ದೂರದಿಂದ ಬಂದ ಬಸ್ಸಿನ ಹಾಗೆ ನಗು ಬಂತು. ನಗುತ್ತಲೇ ನನ್ನ ರೆಕಾರ್ಡನ್ನು ತಮ್ಮ ಕಡೆ ತಿರುಗಿಸಿಕೊಂಡು ಫೋನು ತೆಗೆದು, ‘ಸ್ಥಿತಿ: ಸಾಮಾನ್ಯ’ ಎಂಬ ಸಾಲು ಕಾಣುವ ಹಾಗೆ ಆ ಪುಟದ ಫೋಟೋ ಹೊಡೆದುಕೊಂಡರು. ಮೂರು ಸಲ ಹೊಡೆಯಬೇಕಾಯಿತು. ಎರಡು ಸಲ ಕೈ ಅಲುಗಿತ್ತು.

ಆ ನಗು ಬರಲು ಹಿಡಿದ ಹೊತ್ತನ್ನು ನಾನು ಮನಸ್ಸಿನಲ್ಲೇ ಅಳೆದಿಟ್ಟುಕೊಂಡೆ. ಶಾಸ್ತ್ರಕ್ಕಲ್ಲ, ವಾರ್ಷಿಕೋತ್ಸವಕ್ಕೆ.

ವಾರ್ಷಿಕೋತ್ಸವದಲ್ಲಿ ಪ್ರಿನ್ಸಿಪಾಲರಾಯಿತು, ಸರ್ ಆಯಿತು, ಕ್ಯಾಂಟೀನಿನ ಸಾಬರಾಯಿತು. ಕೊನೆಗೆ ಬಸಣ್ಣ. ಒಂದು ಕುರ್ಚಿ ಹಾಕಿಕೊಂಡು ಎರಡು ಪಾತ್ರವೂ ನಾನೇ. ‘ಬಸಪ್ಪಾ, ಬೀಗದ ಕೈ ಎಲ್ಲಿ?’ ಎಂದು ಸರ್ ಆಗಿ ಕೇಳಿ, ಬಸಣ್ಣನಾಗಿ ಕೂತೆ. ಸುಮ್ಮನೆ ಕೂತೆ. ಜನ ಒಂದು ಕ್ಷಣ ಕಾದರು, ಎರಡು ಕ್ಷಣ ಕಾದರು. ಮುಖದಲ್ಲಿ ಏನೂ ಇಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಾನು ಇನ್ನೂ ಕೂತೇ ಇದ್ದೆ. ಆಮೇಲೆ ನಿಧಾನಕ್ಕೆ, ‘ಹಾಂ… ರೀ?’ ಎಂದೆ. ಸಭಾಂಗಣ ನಗುವಿನಲ್ಲಿ ಕುಸಿದುಬಿತ್ತು. ಆ ಬಸಣ್ಣನನ್ನೇ ಮುಂದೆ ಮದುವೆ ಮದುವೆಗೂ ಒಯ್ದೆ, ಅಷ್ಟು ಚಪ್ಪಾಳೆ ಮಾತ್ರ ಎಲ್ಲೂ ಬಿದ್ದಿಲ್ಲ. ಗೋಡೆಯ ಪಕ್ಕ ನಿಂತಿದ್ದ ಬಸಣ್ಣನೂ ನಕ್ಕರು. ಎಲ್ಲರ ನಗು ಮುಗಿದ ಮೇಲೆ ಅವರ ನಗು ಒಂದೇ ಉಳಿದಿತ್ತು. ಜನ ಅದನ್ನು ಕಂಡು ಮತ್ತೆ ನಕ್ಕರು.

ಇದಿಷ್ಟು ಹಳೆಯದು. ಇನ್ನು ಹೋದ ವಾರಕ್ಕೆ ಬರುತ್ತೇನೆ.

ಸ್ಕೇಲು ಒರೆಸಿದವನು ಸರ್‌ಗೆ ಫೋನು ಮಾಡಿದೆ. “ಬಸಪ್ಪ ಬೇಗನೆ ನಿವೃತ್ತಿ ತಗೊಂಡ್ರಪ್ಪ. ಬಸ್ಸಿನ ಮೆಟ್ಟಿಲಿಂದ ಬಿದ್ರು, ಆಮೇಲೇ ಗೊತ್ತಾಗಿದ್ದು ಪಾರ್ಕಿನ್ಸನ್ ಅಂತ. ನಾನೂ ಒಂದ್ಸಲ ಹೋಗ್ಬೇಕು ಅಂತಿದೀನಿ,” ಎಂದರು. ಕೊನೆಯ ‘ಅಲ್ವಾ ಮತ್ತೆ’ ಬರಲಿಲ್ಲ.

ಭಾನುವಾರ ಕುರುಗೋಡಿಗೆ ಹೋದೆ. ಸ್ಕೇಲು ಚೀಲದಲ್ಲಿತ್ತು. ಬಂಡೆಗಳ ಗುಡ್ಡದ ಬುಡದಲ್ಲಿ ಎರಡು ಅಂಕಣದ ಮನೆ. ಹೆಸರು ಹೇಳಿ ಮನೆ ಕೇಳಿದರೆ ಓಣಿಯವರು ‘ಯಾವ ದೊಡ್ಡಬಸಪ್ಪ?’ ಎಂದರು. ‘ಕಾಲೇಜಿಂದು’ ಎಂದೆ. ‘ಓ, ನಿಧಾನಪ್ಪ?’ ಎಂದು ಒಬ್ಬ ಬೆರಳು ತೋರಿಸಿದ. ನನಗಿಂತ ಮೊದಲೇ ಆ ಊರಿಗೆ ಒಬ್ಬ ಎರ್ರಿ ಬಂದುಹೋಗಿದ್ದ ಎಂದಾಯಿತು.

ಬಸಣ್ಣ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ನನ್ನನ್ನು ನೋಡಿದರು. ಗುರುತು ಹಿಡಿದರೋ ಇಲ್ಲವೋ ಮುಖ ಹೇಳಲಿಲ್ಲ. ಅವರ ಹೆಂಡತಿ ಹುಲಿಗೆಮ್ಮಕ್ಕ ಮಣೆ ಹಾಕಿದರು.

“ಕಾಲೇಜಿನ ಹುಡುಗೇನು? ಮೊದ್ಲು ಬಾಳ ಮಂದಿ ಬರ್ತಿದ್ರು. ಕುಂದ್ರಪ್ಪ. ಮಾತು ಕೇಳಸ್ತಾವ ಅವ್ರಿಗೆ, ಎಲ್ಲಾ ತಿಳಿತೈತಿ. ಉತ್ರ ಹೊಳ್ಳಿ ಬರಾಕ ಹೊತ್ತಾಕ್ಕತಿ ಅಷ್ಟ.”

ನಾನು ಏನೋ ಕೇಳಬೇಕೆಂದು, ಯಾವಾಗ ಗೊತ್ತಾಯಿತೆಂದು ಕೇಳಿದೆ.

“ಗೊತ್ತು ನನಗ ಮೊದ್ಲಿಂದಾನ ಇತ್ತು. ದವಾಖಾನಿಗೆ ನಡೀರಿ ಅಂದಾಗೆಲ್ಲ ಫೋನ್ ತಗದು ಮುಂದ ಹಿಡ್ಯಾವ್ರು. ‘ನೋಡು, ಕಾಲೇಜಿನಾಗ ಅಳದು ಬರದಾರ. ನೀ ಏನ್ ಅವ್ರಿಗಿಂತ ಶಾಣೇಕೀನಾ?’ ಅನ್ನಾವ್ರು. ನನಗ ಓದಾಕ ಬರಂಗಿಲ್ಲ. ಸಾಲಿಗಟ್ಲೆ ಅಂಕಿ ಇದ್ವು. ಅಷ್ಟ್ ಅಂಕಿ ಬರದವ್ರು ಸುಳ್ಳು ಬರೀತಾರೇನಪ್ಪ ಅಂತ ಸುಮ್ನಾದ್ನಿ. ಎರಡೂವರಿ ವರ್ಷ ಸುಮ್ನಾದ್ನಿ. ಡಾಕ್ಟ್ರು, ‘ಅವಾಗ ಬಂದಿದ್ರ ಗುಳಿಗಿ ಮ್ಯಾಲೆ ಇನ್ನೊಂದಿಷ್ಟು ದಿನ ಚೊಲೋತಂಗ ಓಡಾಡ್ತಿದ್ರು,’ ಅಂದ್ರು.” ಅವರು ಗೂಡಿನಿಂದ ಹಳೆಯ ಫೋನು ತೆಗೆದು ಸೆರಗಿನಿಂದ ಗಾಜು ಒರೆಸಿ ನನ್ನ ಕೈಗಿಟ್ಟರು. “ನೀ ಓದಿದವ. ಅದರಾಗ ಏನ್ ಬರದೈತಿ ಓದಿ ಹೇಳು. ಯಾರ್ ಬರದಾರ ಅದನ್ನರ ಹೇಳು.”

ಫೋನಿನ ಪುಟವನ್ನು ಬೆರಳಿನಿಂದ ದೊಡ್ಡದು ಮಾಡಿದೆ. ಮಂಚದ ಮೇಲಿನಿಂದ ಬಸಣ್ಣ ನನ್ನನ್ನೇ ನೋಡುತ್ತಿದ್ದರು. ಅವರಿಗೆ ಎಲ್ಲ ಗೊತ್ತು. ಇಷ್ಟು ದಿನ ನನ್ನ ಹೆಸರು ಹೇಳಿರಲಿಲ್ಲ.

“ನಂದ ಅಕ್ಷರ ಯಕ್ಕಾ,” ಎಂದೆ. “ನಕಲು ಮಾಡಿದ್ದು. ಅವತ್ತು ಖರೇನ ಅಳದಾಗ ಸ್ಕೇಲು ಬಿದ್ದಿತ್ತು. ಬಿದ್ದದ್ದು ಬರೀಲಿಲ್ಲ ನಾನು.”

ಹುಲಿಗೆಮ್ಮಕ್ಕ ಫೋನನ್ನು ವಾಪಸು ತೆಗೆದುಕೊಂಡರು. ಮತ್ತೆ ಗಾಜು ಒರೆಸಿದರು. ಗೂಡಿನಲ್ಲಿಟ್ಟರು. “ಚಾ ಕುಡೀತೀಯೇನು?” ಎಂದರು. ಬೈದಿದ್ದರೆ ಬದುಕುತ್ತಿದ್ದೆ.

ಚಾ ತಂದವರು ಬಾಗಿಲಿಗೆ ಒರಗಿ ಕೂತು, ಒಲೆಯ ಕಡೆ ನೋಡುತ್ತ ಕೇಳಿದರು. “ನೀನ ಅಲ್ಲೇನು ಇವರ ದನಿ ತಗಿಯಾವ? ಅವತ್ತು ಬಂದು ಹೇಳಿದ್ರು, ‘ಒಬ್ಬ ನನ್ನಂಗ ಮಾತಾಡಿದ, ನಾನಾ ಕುಂತಂಗ ಇತ್ತು,’ ಅಂತ. ಈಗ ಇವ್ರ ದನಿನ ಇಲ್ಲ. ಪಿಸಿಪಿಸಿ ಅಂತಾರ. ಒಂದ್ ಸಲ ತಗಿ, ಕೇಳೂನು.”

ತೆಗೆಯಬಾರದಿತ್ತು. ಆದರೆ ಆ ಹೆಂಗಸಿಗೆ ಇಲ್ಲ ಎನ್ನುವ ಮುಖ ನನಗಿರಲಿಲ್ಲ. ಕಣ್ಣು ಮುಚ್ಚಿದೆ. ಖಾಲಿ ಬಿಟ್ಟೆ. ‘ಹಾಂ… ರೀ?’ ಎಂದೆ. ನಾಲ್ಕು ಮಾತಾಡಿದೆ.

ಹುಲಿಗೆಮ್ಮಕ್ಕ ತಲೆಯಾಡಿಸಿದರು. “ಇದು ಬ್ಯಾಡ. ಇದು ರೋಗ ಬಂದ ಮ್ಯಾಲಿಂದು. ಅದರ ಮೊದ್ಲಿಂದು ತಗಿ. ಅಂಗಳದಾಗ ನಿಂತು ನಾ ಅರ್ಧ ಕೇಳೂದ್ರಾಗ ಉತ್ರ ಕೊಡ್ತಿದ್ರು. ಅಷ್ಟು ಚುರುಕು. ಅದು.”

ನನ್ನ ಹತ್ತಿರ ಅದು ಇರಲಿಲ್ಲ. ನಾನು ಕಾಲೇಜಿಗೆ ಸೇರುವ ಹೊತ್ತಿಗೆ ರೋಗ ಆಗಲೇ ಕಣ್ಣಿಗೆ ಕಾಣದೆ ಬಂದು ಕೂತಿತ್ತು. ನಾನು ಬಸಣ್ಣ ಎಂದುಕೊಂಡು ಊರೂರಿಗೆ ಹೊತ್ತು ತಿರುಗಿದ್ದು ಬಸಣ್ಣನನ್ನಲ್ಲ, ಅವರ ಕಾಯಿಲೆಯನ್ನು.

“ಇಲ್ಲ ಯಕ್ಕಾ,” ಎಂದೆ. ಚೀಲದಿಂದ ಸ್ಕೇಲು ತೆಗೆದು ಹದಿನೈದರ ಹತ್ತಿರದ ಆ ಕಪ್ಪು ಹೊಳಪನ್ನು ತೋರಿಸಿದೆ. “ಮೊದ್ಲಿಂದು ಇಲ್ಲಿ ಐತಿ. ಇಷ್ಟು ಲಗೂನ ಹಿಡೀತಿದ್ರು.”

ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ತಮ್ಮ ಹೆಬ್ಬೆರಳನ್ನು ಆ ಗುರುತಿನ ಮೇಲಿಟ್ಟರು. ಇಟ್ಟೇ ಇದ್ದರು.

ಮಂಚದಿಂದ ಏನೋ ಪಿಸುದನಿ ಕೇಳಿತು. ಹತ್ತಿರ ಹೋಗಿ ಬಗ್ಗಿದೆ. ಬಸಣ್ಣ ಬಲಗೈಯನ್ನು ಹೊದ್ದ ದಟ್ಟಿಯ ಒಳಗಿನಿಂದ ಹೊರಗೆ ತೆಗೆದಿದ್ದರು. ಹೆಬ್ಬೆರಳು, ತೋರುಬೆರಳು ತೆರೆದುಕೊಳ್ಳಲು ಒದ್ದಾಡುತ್ತಿದ್ದವು. ತೆರೆದುಕೊಂಡವು.

“ಬಿಡು,” ಎಂದರು.

ಹುಲಿಗೆಮ್ಮಕ್ಕ ಸ್ಕೇಲು ಕೊಟ್ಟರು. ನಡುವೆ ತೂಗಿಸಿ ಹಿಡಿದೆ. ಬಿಟ್ಟೆ. ಟಕ್ ಎಂದು ನೆಲದ ಬಂಡೆಗೆ ಬಿತ್ತು. ಈ ಸಲ ನಾನೇ ಬಗ್ಗಿ ಎತ್ತಿಕೊಂಡೆ. ಎತ್ತಿ ನಿಂತರೂ ಅವರು ಇನ್ನೂ ಮಾತಾಡಿರಲಿಲ್ಲ. ಕಾದೆ. ಹೊರಗೆ ಕೋಳಿಯೊಂದು ಅಂಗಳ ದಾಟಿ ಹೋಯಿತು. ಒಂದು ಕಾಲದಲ್ಲಿ ಈ ಖಾಲಿಯಲ್ಲಿ ಸಭಾಂಗಣದ ನಗು ತುಂಬಿದ್ದವನು ನಾನು.

“ಎಷ್ಟು… ಬಂತು?”

“ಬಿತ್ತು ಬಸಣ್ಣ,” ಎಂದೆ. ಯಾರ ದನಿಯಲ್ಲಿ ಹೇಳಿದೆನೋ ಗೊತ್ತಿಲ್ಲ. ಆ ದನಿಯನ್ನು ನಾನು ಅದರ ಮೊದಲು ಕೇಳಿರಲಿಲ್ಲ.

“ಬರ್ಕೋ.”

ಕಾಗದ ಇರಲಿಲ್ಲ. ಗೋಡೆಯ ಕ್ಯಾಲೆಂಡರಿನಿಂದ ಹೋದ ತಿಂಗಳ ಹಾಳೆ ಹರಿದು, ಹಿಂಬದಿಯಲ್ಲಿ ಬರೆದೆ: ಪ್ರಯೋಗಕ್ಕೆ ಒಳಗಾದವರು, ದೊಡ್ಡಬಸಪ್ಪ. ವಯಸ್ಸು ಎಷ್ಟೆಂದು ಹುಲಿಗೆಮ್ಮಕ್ಕನನ್ನು ಕೇಳಿದೆ. ಐವತ್ತೆಂಟು ಎಂದರು. ಬರೆದೆ. ಅದರ ಕೆಳಗೆ, ಒಂದನೆಯ ಸಲ: ಬಿತ್ತು.

ಬರೆದು ತಲೆಯೆತ್ತಿದಾಗ ಅವರ ತುಟಿ ಮತ್ತೆ ಅಲುಗುತ್ತಿತ್ತು. ಕಿವಿ ಹತ್ತಿರ ಒಯ್ದೆ.

“ಮೂವತ್ತು ಮಾಡಬೇಕಲ್ಲೋ,” ಎಂದರು ಬಸಣ್ಣ. “ಇನ್ನ… ಇಪ್ಪತ್ತೊಂಬತ್ತು… ಅದಾವು.”

ಬೆರಳುಗಳು ಆಗಲೇ ತೆರೆದುಕೊಳ್ಳತೊಡಗಿದ್ದವು. ನಾನು ಸ್ಕೇಲು ಹಿಡಿದು ಕಾದೆ.